ಸೆಕೆಯ ಅಸಲಿ ಲೆಕ್ಕ: ಉಪ್ಪಿನ ದ್ರಾವಣದಿಂದ ಗಾಳಿ ಒಣಗಿಸಬಹುದೇ?

ಬಿಸಿಲು ಬೇರೆ, ಸೆಕೆ ಬೇರೆ ಅಂತ ಮಂಗಳೂರು, ಕಾರವಾರದವರಿಗೆ ಹೇಳಿಕೊಡಬೇಕಿಲ್ಲ. ರಾಯಚೂರಿನ 40 ಡಿಗ್ರಿಯಲ್ಲಿ ಬೆವರು ಆರುತ್ತೆ, ಕರಾವಳಿಯ 32 ಡಿಗ್ರಿಯಲ್ಲಿ ಆರಲ್ಲ. ಆದರೂ ಎಸಿ ಕೊಳ್ಳುವಾಗ ನಾವು ನೋಡುವುದು ಟನ್ನು ಮತ್ತು ಸ್ಟಾರ್ ಮಾತ್ರ. ಒಂದು ಯೂನಿಟ್ ಕರೆಂಟಿಗೆ ಗಾಳಿಯಿಂದ ಎಷ್ಟು ನೀರು ತೆಗೆಯುತ್ತೆ ಅನ್ನುವುದನ್ನು ಸ್ಟಾರ್ ಲೇಬಲ್ ಬೇರೆಯಾಗಿ ಹೇಳುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಲೆಕ್ಕ ನೋಡಿ. 30 ಡಿಗ್ರಿ, ಶೇ. 80 ಆರ್ದ್ರತೆ ಇರುವ ಒಂದು ಕಿಲೋ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಾವಿ ಇರುತ್ತೆ. 25 ಡಿಗ್ರಿ, ಶೇ. 50 ಆರ್ದ್ರತೆಯ ಹಿತವಾದ ಗಾಳಿಯಲ್ಲಿ ಸುಮಾರು 10 ಗ್ರಾಂ. ಹೊರಗಿನ ಗಾಳಿಯನ್ನು 30ರಿಂದ 25ಕ್ಕೆ ಇಳಿಸಲು ಕಿಲೋಗೆ 5 ಕಿಲೋಜೌಲ್ ಆಸುಪಾಸು ಸಾಕು. ಆ 11 ಗ್ರಾಂ ಆವಿಯನ್ನು ನೀರಾಗಿಸಲು ತೆಗೆಯಬೇಕಾದ ಶಾಖ 27 ಕಿಲೋಜೌಲ್. ಅಂದರೆ ಹೊರಗಿನ ಗಾಳಿಯ ಮಟ್ಟಿಗೆ ಕೆಲಸದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನೀರಿನದ್ದೇ. ಇದಕ್ಕಾಗಿ ಎಸಿಯ ಕಾಯಿಲ್ 14 ಡಿಗ್ರಿಗಿಂತ ಕೆಳಗಿಳಿಯಬೇಕು, ರೂಮಿಗೆ 25 ಸಾಕಿದ್ದರೂ. ಕೆಲವು ದೊಡ್ಡ ಕಟ್ಟಡಗಳಲ್ಲಿ ಹೀಗೆ ಅತಿಯಾಗಿ ತಣ್ಣಗಾದ ಗಾಳಿಯನ್ನು ಮತ್ತೆ ಬಿಸಿ ಮಾಡಿ ಒಳಗೆ ಬಿಡ್ತಾರೆ. ಎರಡೂ ಸಲ ಬಿಲ್ಲು!

ಇನ್ನೊಂದು ದಾರಿ ಮಳೆಗಾಲದ ಅಡುಗೆಮನೆಯಲ್ಲೇ ಇದೆ: ಮುಚ್ಚಳ ತೆಗೆದಿಟ್ಟ ಉಪ್ಪು ತಾನಾಗಿಯೇ ನೀರಾಗುತ್ತಲ್ಲ, ಅದು. ಲಿಥಿಯಂ ಕ್ಲೋರೈಡ್ ಅಥವಾ ಕ್ಯಾಲ್ಸಿಯಂ ಕ್ಲೋರೈಡಿನ ಗಟ್ಟಿ ದ್ರಾವಣವನ್ನು ಹಲಗೆಗಳ ಮೇಲೆ ತೆಳುವಾಗಿ ಹರಿಸಿ, ಪಕ್ಕದಲ್ಲಿ ಗಾಳಿ ಬಿಟ್ಟರೆ ದ್ರಾವಣ ಆವಿಯನ್ನು ಹೀರಿಕೊಳ್ಳುತ್ತೆ. ಇದೇ ಲಿಕ್ವಿಡ್ ಡೆಸಿಕೆಂಟ್. ಒಣಗಿದ ಗಾಳಿಯನ್ನು ಆಮೇಲೆ ತಂಪು ಮಾಡಲು ಚಿಕ್ಕ ಯಂತ್ರ ಸಾಕು. ಆದರೆ ನೀರು ಕುಡಿದು ತೆಳುವಾದ ದ್ರಾವಣವನ್ನು ಇನ್ನೊಂದು ಕೋಣೆಯಲ್ಲಿ 60ರಿಂದ 80 ಡಿಗ್ರಿಗೆ ಕಾಯಿಸಿ, ನೀರನ್ನು ಹೊರಗೆ ಓಡಿಸಿ, ಮತ್ತೆ ಗಟ್ಟಿ ಮಾಡಬೇಕು.

ಮಾರಾಟಗಾರರು ಮಾತು ತೇಲಿಸುವುದು ಇಲ್ಲೇ. ಒಂದು ಲೀಟರ್ ನೀರನ್ನು ಆವಿ ಮಾಡಲು ಕಡಿಮೆಯೆಂದರೂ 0.67 ಯೂನಿಟ್‌ನಷ್ಟು ಶಾಖ ಬೇಕು. ಸಾಮಾನ್ಯ ಒಂದೇ ಹಂತದ ವ್ಯವಸ್ಥೆಯಲ್ಲಿ ಅದು ಒಂದು ಯೂನಿಟ್ ದಾಟುತ್ತೆ. ಅದೇ ಲೀಟರನ್ನು ತೆಗೆಯಲು ಸಾಧಾರಣ ಎಸಿಗೆ ಕಾಲು ಯೂನಿಟ್ ಆಸುಪಾಸಿನ ಕರೆಂಟು ಸಾಕಾಗಬಹುದು. ಹೀಗಿರುವಾಗ ದ್ರಾವಣವನ್ನು ಹೀಟರ್ ಹಾಕಿ ಕಾಯಿಸಿದರೆ ಅದು ಶುದ್ಧ ದಂಡ. ಹಾಗಾಗಿ ಮೊದಲ ಪ್ರಶ್ನೆ: ಶಾಖ ಎಲ್ಲಿಂದ? ಬಿಸಿಲಿನದ್ದೋ, ಕಾರ್ಖಾನೆ ಹೇಗೂ ಚೆಲ್ಲುವುದೋ ಆಗಿದ್ದರೆ ಮಾತ್ರ ಮುಂದಿನ ಮಾತು.

ಆ ಶಾಖವನ್ನೂ ಉಳಿಸಬೇಕು. ಕಾದು ಬರುವ ಗಟ್ಟಿ ದ್ರಾವಣದ ಬಿಸಿಯನ್ನು, ಕಾಯಲು ಹೋಗುತ್ತಿರುವ ತೆಳು ದ್ರಾವಣಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಇಲ್ಲದಿದ್ದರೆ ಇಡೀ ಯಂತ್ರ ಸೋರುವ ಕೊಡ. ದ್ರಾವಣವನ್ನು ಧಾರಾಳವಾಗಿ ಸುರಿಯುವುದೂ ನಷ್ಟವೇ. ಅದು ಬಿಸಿಯನ್ನು ತಣ್ಣನೆಯ ಕಡೆಗೆ ಹೊತ್ತು ತರುತ್ತೆ. ಆವಿ ಹೀರುವಾಗ ದ್ರಾವಣ ತಾನೇ ಬಿಸಿಯಾಗುತ್ತೆ, ಬಿಸಿಯಾದರೆ ಅದರ ದಾಹ ಇಂಗುತ್ತೆ. ಅದಕ್ಕೇ ಹಲಗೆಯೊಳಗೇ ತಣ್ಣೀರು ಓಡಿಸುವುದು. ನನಗೆ ಹೆಚ್ಚು ಹಿಡಿಸಿದ್ದು ಹೀಟ್ ಪಂಪ್ ಜೋಡಿಸುವ ಉಪಾಯ: ಕಂಪ್ರೆಸರಿನ ತಣ್ಣನೆ ಬದಿ ಆವಿ ಹೀರುವ ದ್ರಾವಣವನ್ನು ತಂಪಾಗಿಡುತ್ತೆ, ಹೊರಗೆ ಚೆಲ್ಲಿಹೋಗುತ್ತಿದ್ದ ಬಿಸಿ ಅದನ್ನು ಮತ್ತೆ ಗಟ್ಟಿ ಮಾಡುತ್ತೆ.

ತೊಡಕುಗಳೂ ಇವೆ. ಗಾಳಿಯ ಜೊತೆ ಹಾರುವ ಉಪ್ಪಿನ ಹನಿ ಲೋಹವನ್ನು ತಿನ್ನುತ್ತೆ. ಆವಿಯನ್ನು ಮಾತ್ರ ಬಿಡುವ ಪೊರೆ ಹಾಕಿ ತಡೆಯಬಹುದು, ಆದರೆ ಹೀರುವ ವೇಗ ತಗ್ಗುತ್ತೆ. ಲಿಥಿಯಂ ದುಬಾರಿ, ಕ್ಯಾಲ್ಸಿಯಂ ಅಗ್ಗ ಆದರೆ ಅಷ್ಟು ಚುರುಕಲ್ಲ.

ಇಷ್ಟರ ನಡುವೆಯೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಒಂದು ಕಾರಣ ಇದೆ. ಸೌರ ವಿದ್ಯುತ್ ಸಂಜೆ ನಿಲ್ಲುತ್ತೆ, ಸೆಕೆ ನಿಲ್ಲಲ್ಲ. ಏಪ್ರಿಲ್‌ನ ಮಧ್ಯಾಹ್ನ ಬಿಸಿಲಲ್ಲಿ ಗಟ್ಟಿ ಮಾಡಿದ ದ್ರಾವಣವನ್ನು ಮುಚ್ಚಿದ ಟ್ಯಾಂಕಿನಲ್ಲಿಟ್ಟರೆ ರಾತ್ರಿಗೆ ಬಳಸಬಹುದು. ತಣ್ಣಗಾದರೂ ಅದರ ಹೀರುವ ಶಕ್ತಿ ಹೋಗಲ್ಲ, ಬ್ಯಾಟರಿಯೂ ಬೇಡ. ಜುಲೈನಲ್ಲಿ ಮಾತ್ರ ಬಿಸಿಲನ್ನು ನಂಬುವಂತಿಲ್ಲ, ಆಗ ಬೇರೆ ಶಾಖ ಬೇಕು.

2019ರ ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್, 2037-38ರ ಹೊತ್ತಿಗೆ ತಂಪು ಮಾಡುವ ಬೇಡಿಕೆಯನ್ನು ಶೇ. 20ರಿಂದ 25ರಷ್ಟು ತಗ್ಗಿಸುವ ಗುರಿ ಇಟ್ಟಿದೆ. ಭಾರತ ಸರ್ಕಾರವೂ ಪಾಲುದಾರನಾಗಿ 2018ರಲ್ಲಿ ಶುರುವಾದ ಗ್ಲೋಬಲ್ ಕೂಲಿಂಗ್ ಪ್ರೈಜ್‌ನಲ್ಲಿ ತಾಪಮಾನದ ಜೊತೆ ಆರ್ದ್ರತೆಯ ಮಿತಿಯನ್ನೂ ಷರತ್ತಾಗಿ ಇಟ್ಟಿದ್ದರು. 2021ರಲ್ಲಿ ಗೆದ್ದವು ಗ್ರೀ ಮತ್ತು ಡೈಕಿನ್ ತಂಡಗಳು. ಸ್ಪರ್ಧೆಗೆ ಹಾಕಿದ ಷರತ್ತನ್ನು ಸ್ಟಾರ್ ಲೇಬಲ್‌ಗೆ ಹಾಕಲು ಏನು ಕಷ್ಟ? ಕರಾವಳಿಯ ಹವೆಯಲ್ಲಿ ಯೂನಿಟ್‌ಗೆ ಎಷ್ಟು ಲೀಟರ್ ಅಂತ ಒಂದು ಸಾಲು ಸಾಕು. ಮನೆಯ ಗೋಡೆಗೆ ಈ ಯಂತ್ರ ಬರಲು ಇನ್ನೂ ಕಾಲ ಬೇಕು; ಹೊರಗಿನ ಗಾಳಿಯನ್ನು ಸದಾ ಎಳೆದುಕೊಳ್ಳುವ ಆಸ್ಪತ್ರೆಗಳಿಂದ ಶುರು ಮಾಡಬಹುದು. ಅಲ್ಲಿ ಬಟ್ಟೆ ಒಗೆಯಲು, ಉಪಕರಣ ಕುದಿಸಲು ಬಾಯ್ಲರ್ ಹೇಗೂ ಉರಿಯುತ್ತಲೇ ಇರುತ್ತೆ.