ಧನವಿನಿಯೋಗದ ಎರಡು ಮಾರ್ಗಗಳು: ಅಳವಂಡಿ ಸೀಮೆಯ ಚರಿತ್ರೆಯ ಬೆಳಕಿನಲ್ಲಿ

ಧನವಂತನು ತನ್ನ ಧನವನ್ನು ತೊಡಗಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಆಗಲೇ ಫಲಕೊಡುತ್ತಿರುವ ವೃತ್ತಿಯನ್ನು ಕೊಂಡು, ಅದನ್ನು ತನ್ನ ಅಧೀನದಲ್ಲಿರಿಸಿಕೊಂಡು ಲಾಭಪಡೆಯುವುದು ಒಂದು. ಇನ್ನೂ ಫಲಕ್ಕೆ ಬಾರದ ಅಥವಾ ಈಗತಾನೆ ಫಲಬಿಡತೊಡಗಿದ ಉದ್ಯಮಕ್ಕೆ ಧನವನ್ನಿತ್ತು, ಅದರ ಬೆಳವಣಿಗೆಯಲ್ಲಿ ಪಾಲುಗೊಳ್ಳುವುದು ಮತ್ತೊಂದು. ಈಗಿನ ವ್ಯವಹಾರಭಾಷೆಯಲ್ಲಿ ಮೊದಲನೆಯದನ್ನು ಬೈಔಟ್ ಎಂದೂ, ಎರಡನೆಯದನ್ನು ಉದ್ಯಮದ ವಯಸ್ಸಿಗೆ ತಕ್ಕಂತೆ ವೆಂಚರ್ ಬಂಡವಾಳ ಅಥವಾ ಗ್ರೋತ್ ಬಂಡವಾಳ ಎಂದೂ ಕರೆಯುವರು. ಮೊದಲನೆಯ ಮಾರ್ಗದಲ್ಲಿ ಪಳಗಿದವರು ಎರಡನೆಯದಕ್ಕೆ ದಾಟುವುದು ಇತ್ತೀಚಿನ ದಶಕಗಳಲ್ಲಿ ಕಂಡುಬರುತ್ತದೆ. ಇವು ಒಂದೇ ವಿದ್ಯೆಯ ಎರಡು ಪಾಠಗಳೋ, ಬೇರೆ ಬೇರೆ ವಿದ್ಯೆಗಳೋ ಎಂಬ ಪ್ರಶ್ನೆಗೆ ಕೊಪ್ಪಳ ತಾಲೂಕಿನ ಅಳವಂಡಿಯ ಸೀಮೆಯ ಚರಿತ್ರೆಯೂ, ಅಲ್ಲಿ ಒಮ್ಮೆ ನಡೆದಿದ್ದ ವ್ಯವಹಾರಶಾಸ್ತ್ರವೂ ಉತ್ತರವನ್ನೀಯಬಲ್ಲವು.

ಈ ಸೀಮೆಯು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದಿತು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯವು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಅದೇ ಅರಸನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಮೂಲಧನದ ಎಂಬತ್ತನೆಯ ಒಂದು ಭಾಗವೇ ಬಡ್ಡಿಯೆಂದು ಸ್ಮೃತಿಯ ವಿಧಿ. ದುರ್ಗಮವಾದ ಕಾಡುಗಳನ್ನು ಹಾಯ್ದು ವ್ಯಾಪಾರಕ್ಕೆ ಹೋಗುವವನಾದರೋ ತಿಂಗಳಿಗೆ ನೂರಕ್ಕೆ ಹತ್ತನ್ನೂ, ಸಮುದ್ರಯಾನ ಮಾಡುವವನು ನೂರಕ್ಕೆ ಇಪ್ಪತ್ತನ್ನೂ ಕೊಡತಕ್ಕದ್ದು. ಇಷ್ಟು ಅಂತರವೇಕೆಂದರೆ, ಅಂತಹ ಪಯಣದಲ್ಲಿ ಬಡ್ಡಿ ಮಾತ್ರವಲ್ಲದೆ ಮೂಲಧನವೂ ನಾಶವಾಗುವ ಶಂಕೆಯುಂಟೆಂದು ವ್ಯಾಖ್ಯಾನಕಾರನು ಕಾರಣ ಹೇಳುತ್ತಾನೆ. ಇದಲ್ಲದೆ ಸಂಭೂಯಸಮುತ್ಥಾನವೆಂಬ ಪ್ರಕರಣವು ಬೇರೆಯೇ ಇದೆ. ಹಲವರು ಕೂಡಿ ನಡೆಸುವ ವ್ಯಾಪಾರದಲ್ಲಿ ಲಾಭವನ್ನೂ ನಷ್ಟವನ್ನೂ ಅವರವರು ಹಾಕಿದ ಧನದಂತೆ, ಇಲ್ಲವೆ ಮೊದಲೇ ಮಾಡಿಕೊಂಡ ಒಡಂಬಡಿಕೆಯಂತೆ ಹಂಚಿಕೊಳ್ಳಬೇಕೆಂಬುದು ಅದರ ಸಾರ. ಅಡವಿನ ಧನ, ಸಾಹಸದ ಧನ, ಪಾಲಿನ ಧನ ಇವನ್ನು ಶಾಸ್ತ್ರವು ಒಂದೇ ತಕ್ಕಡಿಯಲ್ಲಿಟ್ಟು ತೂಗಲಿಲ್ಲವೆಂಬುದು ಗಮನಾರ್ಹವಾಗಿದೆ.

ಶಾಸ್ತ್ರದಲ್ಲಿ ಕಾಣುವ ಈ ಭೇದವು ಒಕ್ಕಲಿಗನಿಗೂ ತಿಳಿಯದುದಲ್ಲ. ಅಳವಂಡಿಯದು ಎರೆಯ ನೆಲ. ಅಲ್ಲಿಯ ಬೇಸಾಯವು ಬಹುಮಟ್ಟಿಗೆ ಮಳೆಯನ್ನು ನಂಬಿ ಬಂದುದು. ಇಂತಹ ನಾಡಿನಲ್ಲಿ ಹೊಲವನ್ನು ಲಾವಣಿಗೆ ಕೊಡುವುದು ಒಂದು, ಪಾಲಿಗೆ ಕೊಡುವುದು ಇನ್ನೊಂದು. ಲಾವಣಿಯಲ್ಲಿ ಮಳೆ ಬರಲಿ ಬಾರದಿರಲಿ ಗೊತ್ತುಮಾಡಿದ ಹಣವನ್ನು ಸಲ್ಲಿಸಲೇಬೇಕು. ಪಾಲಿನಲ್ಲಿಯಾದರೆ ಮಳೆ ಹೋದ ವರ್ಷ ಹೊಲದೊಡೆಯನ ಕಣಜವೂ ಬರಿದು.

ಸಿದ್ಧಫಲವನ್ನು ಕೊಳ್ಳುವ ಮಾರ್ಗವು ಹದ್ದುಮೀರಿದರೆ ಏನಾಗುವುದೆಂಬುದಕ್ಕೆ ಹೈದರಾಬಾದು ಸಂಸ್ಥಾನದ ಕಂದಾಯದ ಗುತ್ತಿಗೆಯೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ಸಂಸ್ಥಾನದ ಕಂದಾಯವನ್ನು ಎತ್ತುವ ಅಧಿಕಾರವು ಗುತ್ತಿಗೆಗೆ ಹೋಗುತ್ತಿದ್ದಿತು. ಗುತ್ತಿಗೆದಾರನು ಸಾಹುಕಾರರಿಂದ ಸಾಲವೆತ್ತಿ ಸರಕಾರಕ್ಕೆ ಮುಂಗಡ ಸಲ್ಲಿಸಿ, ಆ ಸಾಲವನ್ನು ತಾನು ಕೊಂಡ ಕಂದಾಯದಿಂದಲೇ ತೀರಿಸಿಕೊಳ್ಳುವನು. ಕೊಂಡ ವಸ್ತುವಿನ ಉತ್ಪತ್ತಿಯಿಂದಲೇ ಕ್ರಯದ ಸಾಲವನ್ನು ತೀರಿಸುವ ಈಗಿನ ಬೈಔಟಿನ ಯುಕ್ತಿಯೂ ಇದೇ. ಬರಗಾಲ ಬಂದರೂ ಸಾಲದ ಗಡುವು ನಿಲ್ಲದು. ಆ ಭಾರವೆಲ್ಲ ರೈತನ ಬೆನ್ನಮೇಲೆ ಬೀಳುತ್ತಿದ್ದಿತು. ೧೮೫೩ರಲ್ಲಿ ದಿವಾನನಾದ ಒಂದನೆಯ ಸಾಲಾರಜಂಗನು ಈ ಪದ್ಧತಿಯನ್ನು ಕಿತ್ತೊಗೆಯಲು ತೊಡಗಿ, ೧೮೬೫ರಲ್ಲಿ ಜಿಲ್ಲೆಗಳ ವ್ಯವಸ್ಥೆಯನ್ನು ನೆಲೆಗೊಳಿಸಿದನು. ಕೊಪ್ಪಳವು ಆತನ ಮನೆತನದ ಜಹಗೀರೇ ಆಗಿದ್ದಿತು.

ಎರಡನೆಯ ಮಾರ್ಗಕ್ಕೆ ಕನ್ನಡನಾಡಿನ ಶಾಸನಗಳಲ್ಲಿ ಬರುವ ಕಟ್ಟುಗೊಡಗೆ, ಬಿತ್ತುವಟ್ಟ, ದಸವಂದ ಎಂಬ ಮಾತುಗಳು ಸಾಕ್ಷಿ ನುಡಿಯುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಆ ಕೆರೆಯ ಕೆಳಗಣ ನೆಲವನ್ನೋ ಬೆಳೆಯ ಒಂದಂಶವನ್ನೋ ಬಿಟ್ಟುಕೊಡುವುದು ಇವುಗಳ ಭಾವ. ಏರಿ ಒಡೆದರೆ ಹಾಕಿದ ಧನವು ನೀರಿನೊಡನೆ ಹೋಯಿತು. ಏರಿ ನಿಂತರೆ, ಮೊದಲು ಇಲ್ಲದ ಬೆಳೆಯಲ್ಲಿ ಅವನಿಗೆ ಪಾಲು. ಇದ್ದುದನ್ನು ಕೊಂಡು ಪಡೆದ ಲಾಭ ಇದಲ್ಲ, ಇಲ್ಲದುದನ್ನು ಉಂಟುಮಾಡಿ ಪಡೆದ ಲಾಭ.

ಈ ಎರಡು ಮಾರ್ಗಗಳೂ ಇಂದು ಬೆಂಗಳೂರಿನಲ್ಲಿ ಒಟ್ಟೊಟ್ಟಿಗೆ ಕಾಣಸಿಗುತ್ತವೆ. ೨೦೧೬ರಲ್ಲಿ ಬ್ಲಾಕ್‌ಸ್ಟೋನ್ ಸಂಸ್ಥೆಯು ಆ ನಗರದ ಎಂಫಸಿಸ್ ಕಂಪನಿಯ ಅಧಿಕಾಂಶವನ್ನು ಕೊಂಡಿತು. ಅದು ಗ್ರಾಹಕರೂ ಲೆಕ್ಕಪತ್ರಗಳೂ ಸ್ಥಿರವಾಗಿದ್ದ ಸಿದ್ಧಸಂಸ್ಥೆ. ೨೦೦೭ರಲ್ಲಿ ಇಬ್ಬರು ತರುಣರು ಪುಸ್ತಕಮಾರಾಟದಿಂದ ಆರಂಭಿಸಿದ ಫ್ಲಿಪ್‌ಕಾರ್ಟಿಗೆ ೨೦೦೯ರಲ್ಲಿ ಆಕ್ಸೆಲ್ ನಿಧಿಯು ಹತ್ತು ಲಕ್ಷ ಡಾಲರುಗಳನ್ನಿತ್ತಾಗ ನೋಡಲು ದೀರ್ಘವಾದ ಲೆಕ್ಕವೇ ಇರಲಿಲ್ಲ. ೨೦೧೮ರಲ್ಲಿ ಅದರ ಸುಮಾರು ನೂರಕ್ಕೆ ೭೭ರಷ್ಟು ಪಾಲನ್ನು ವಾಲ್‌ಮಾರ್ಟ್ ೧,೬೦೦ ಕೋಟಿ ಡಾಲರುಗಳಿಗೆ ಪಡೆಯಿತು. ೧೯೭೬ರಲ್ಲಿ ಹುಟ್ಟಿ ಬೈಔಟಿನಿಂದಲೇ ಪ್ರಸಿದ್ಧವಾದ ಅಮೆರಿಕದ ಕೆ.ಕೆ.ಆರ್. ಸಂಸ್ಥೆಯು ಈ ಶತಮಾನದ ಎರಡನೆಯ ದಶಕದಲ್ಲಿ ಬೆಳೆಯುವ ತಂತ್ರಜ್ಞಾನೋದ್ಯಮಗಳಿಗಾಗಿ ಬೇರೊಂದು ನಿಧಿಯನ್ನೇ ಏರ್ಪಡಿಸಿತು. ಭಾರತದ ಸೆಬಿಯ ೨೦೧೨ರ ನಿಯಮಾವಳಿಯೂ ವೆಂಚರ್ ನಿಧಿಗಳನ್ನು ಒಂದನೆಯ ವರ್ಗದಲ್ಲಿಯೂ ಪ್ರೈವೇಟ್ ಇಕ್ವಿಟಿ ನಿಧಿಗಳನ್ನು ಎರಡನೆಯ ವರ್ಗದಲ್ಲಿಯೂ ಇರಿಸಿದೆ. ಸ್ಮೃತಿಕಾರನ ವಿವೇಕವನ್ನೇ ಹೊಸ ಶಾಸನವು ಬೇರೆ ಮಾತಿನಲ್ಲಿ ಹೇಳಿದಂತಾಯಿತು.

ಹೀಗಿರಲು, ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾಟುವವನು ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬುದು ಸ್ಪಷ್ಟವಾಗುವುದು. ಲೆಕ್ಕಪರೀಕ್ಷೆಯ ನೈಪುಣ್ಯವೂ ಆಡಳಿತದ ಶಿಸ್ತೂ ಉಪಯೋಗಕ್ಕೆ ಬರುತ್ತವೆ. ಆಗಲೇ ಮಾರಾಟವುಳ್ಳ, ಹರಡಿಕೊಳ್ಳಲು ಧನವನ್ನು ಬೇಡುವ ಉದ್ಯಮದಲ್ಲಿ ಇವು ಹೆಚ್ಚಾಗಿ ಸಲ್ಲುವುದರಿಂದ, ಗ್ರೋತ್ ಬಂಡವಾಳವು ನಡುವಣ ಕಡವಿನಂತಿದೆ. ಬಿಡಬೇಕಾದ ಅಭ್ಯಾಸಗಳು ಮೂರು. ಎಲ್ಲವೂ ತನ್ನ ಅಧೀನದಲ್ಲಿರಬೇಕೆಂಬುದು ಒಂದು. ಹೊಸ ಉದ್ಯಮದ ಜೀವವು ಅದನ್ನು ಕಟ್ಟಿದವನಲ್ಲಿರುವುದೇ ಹೊರತು ಕೊಂಡವನಲ್ಲಿ ಅಲ್ಲ. ಕೊಂಡುದರಲ್ಲಿ ಒಂದೂ ಕೆಡಬಾರದೆಂಬುದು ಎರಡನೆಯದು. ವೆಂಚರ್ ಮಾರ್ಗದಲ್ಲಿ ಹಲವು ಕೆಟ್ಟು, ಒಂದೆರಡು ಉಳಿದು, ಉಳಿದವೇ ಎಲ್ಲದರ ನಷ್ಟವನ್ನೂ ತುಂಬಿಕೊಡುವುವು. ಸಾಲದ ಬಲದಿಂದ ಲಾಭವನ್ನು ಹೆಚ್ಚಿಸುವುದು ಮೂರನೆಯದು. ಎಲ್ಲಕ್ಕಿಂತ ಅಪಾಯಕರವಾದುದು ಇದೇ. ಆದಾಯವಿಲ್ಲದ ಎಳೆಯ ಉದ್ಯಮದ ಮೇಲೆ ಸಾಲವನ್ನು ಹೊರಿಸುವುದು, ಮಳೆ ಬಾರದ ವರ್ಷ ಲಾವಣಿಯನ್ನು ಕೇಳಿದಂತೆ. ಕೇಳಿದವನಿಗೆ ಹಣವೂ ದೊರೆಯದು, ಉತ್ತವನೂ ಊರಲ್ಲಿ ಉಳಿಯನು.

ಆದುದರಿಂದ ಇವು ಎರಡು ಬೇರೆ ವಿದ್ಯೆಗಳೇ ಸರಿ. ಕಂದಾಯದ ಗುತ್ತಿಗೆಯನ್ನು ಹಿಡಿದವನು ಹಿಂದಿನ ವರ್ಷಗಳ ಲೆಕ್ಕವನ್ನು ನೋಡುತ್ತಿದ್ದನು. ಕೆರೆಯನ್ನು ಕಟ್ಟಿಸಿದವನು ಹಳ್ಳದ ಪಾತ್ರವನ್ನೂ, ನೆಲದ ಇಳಿಜಾರನ್ನೂ, ಏರಿಯನ್ನು ಕಟ್ಟುವ ಒಡ್ಡರ ಕೈಯನ್ನೂ ನೋಡಬೇಕಾಗಿದ್ದಿತು.