ಮುಂಬಯಿ–ಮದರಾಸು ಗೆರೆಯ ಮೇಲೆ ಬಳ್ಳಾರಿ

ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ಹೇಳುವುದು ಸುಲಭ. ಭೂಗೋಳದ ಮೇಲೆ ಅವೆರಡನ್ನೂ ಸೇರಿಸುವ ಅತಿ ಹತ್ತಿರದ ಗೆರೆಯನ್ನು ಅಳೆದರಾಯಿತು. ತಲುಪಲು ಹಿಡಿಯುವ ಕಾಲದ ಲೆಕ್ಕ ಅಷ್ಟು ಸರಳವಲ್ಲ. ವಿಮಾನದ ವೇಗ, ಅದು ಹೊರಬಲ್ಲ ಪೆಟ್ರೋಲು, ಕತ್ತಲಾದ ಮೇಲೆ ಇಳಿಯಲು ದೀಪದ ಅನುಕೂಲ ಎಲ್ಲವೂ ಅದರಲ್ಲಿ ಸೇರುತ್ತವೆ. ಭಾರತದ ವಾಯುಯಾನದ ಚರಿತ್ರೆಯಲ್ಲಿ ಬಳ್ಳಾರಿಯ ಹೆಸರು ಸೇರಿದ್ದು ಇಂಥ ಲೆಕ್ಕದಿಂದಲೇ.

1932ರ ಅಕ್ಟೋಬರ್ 15ರಂದು ಟಾಟಾ ಸಂಸ್ಥೆಯ ವಿಮಾನ ಅಂಚೆ ಆರಂಭವಾಯಿತು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದ ಪತ್ರಗಳನ್ನು ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ 'ಪುಸ್ ಮಾತ್' ವಿಮಾನದಲ್ಲಿ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ತಂದರು. ಅಲ್ಲಿಂದ ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವಿನ ತಂಗುದಾಣವೇ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ.

ಬಳ್ಳಾರಿಯೇ ಏಕೆ? ನಕಾಶೆ ಅದಕ್ಕೆ ಉತ್ತರ ಕೊಡುತ್ತದೆ. ಮುಂಬಯಿಯಿಂದ ಮದರಾಸಿಗೆ ನೇರ ಅಂತರ ಸುಮಾರು 1,035 ಕಿ.ಮೀ. ಬಳ್ಳಾರಿಯಲ್ಲಿ ಇಳಿದು ಹೋದರೆ 613 ಮತ್ತು 429, ಒಟ್ಟು 1,042 ಕಿ.ಮೀ. ಅಂದರೆ ಸುತ್ತು ಹತ್ತು ಕಿಲೋಮೀಟರೂ ಇಲ್ಲ. ಗಂಟೆಗೆ ಸುಮಾರು 165 ಕಿ.ಮೀ. ಹಾರುವ ವಿಮಾನಕ್ಕೆ ಮೊದಲ ಹಂತಕ್ಕೇ ನಾಲ್ಕು ಗಂಟೆಯ ಹತ್ತಿರ ಬೇಕು. ಮಧ್ಯಾಹ್ನ ಮುಂಬಯಿ ಬಿಟ್ಟರೆ ಬಳ್ಳಾರಿ ಸೇರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ರಾತ್ರಿ ಹಾರುವ ಸೌಲಭ್ಯವಿಲ್ಲದ ಆ ಕಾಲದಲ್ಲಿ ಪತ್ರಗಳೂ ಪೈಲಟ್ಟೂ ಊರಲ್ಲೇ ರಾತ್ರಿ ಕಳೆದು ಮರುದಿನ ಮದರಾಸು ಸೇರಬೇಕಿತ್ತು.

ಆದರೂ ಈ ಭಾಗ್ಯ ಬಹಳ ಕಾಲ ಉಳಿಯಲಿಲ್ಲ. ಆ ದಶಕದಲ್ಲೇ ಬಳ್ಳಾರಿಯ ಸ್ಥಾನ ಹೈದರಾಬಾದಿನ ಪಾಲಾಯಿತು. ಆ ದಾರಿ ನೂರು ಕಿಲೋಮೀಟರಿಗೂ ಹೆಚ್ಚು ಸುತ್ತು. ಆದರೆ ಹೈದರಾಬಾದು ನಿಜಾಮರ ರಾಜಧಾನಿ. ಅಂಚೆಯೂ ಪ್ರಯಾಣಿಕರೂ ಹೆಚ್ಚು ದೊರೆಯುವ ಊರು. ಕಡಿಮೆ ದೂರವೊಂದೇ ಒಂದು ಊರಿಗೆ ವಿಮಾನವನ್ನು ಉಳಿಸಿಕೊಡಲಾರದು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆಡಳಿತದ ದಾರಿ ಬೆಂಗಳೂರಿನತ್ತ ತಿರುಗಿತು. ಈ ಜಿಲ್ಲೆಯ ಈಗಿನ ವಿಮಾನ ನಿಲ್ದಾಣ ಬೆಳೆದದ್ದು ಪಟ್ಟಣದಿಂದ ಸುಮಾರು 30 ಕಿ.ಮೀ. ದೂರದ ತೋರಣಗಲ್ಲಿನಲ್ಲಿ, ಜಿಂದಾಲ್ ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ. 2017ರಲ್ಲಿ 'ಉಡಾನ್' ಯೋಜನೆಯಡಿ ಅಲ್ಲಿಂದ ಹೈದರಾಬಾದಿಗೆ ವಿಮಾನ ಹಾರಿತು.

ಅಲ್ಲಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 250 ಕಿ.ಮೀ., ಒಂದು ಗಂಟೆಯ ಹಾರಾಟ. ಸಿರುಗುಪ್ಪದವರು ಬಳ್ಳಾರಿ ಮಾರ್ಗವಾಗಿ ತೋರಣಗಲ್ಲಿಗೆ ಬರಲು ರಸ್ತೆಯಲ್ಲಿ ಸುಮಾರು 85 ಕಿ.ಮೀ. ಕ್ರಮಿಸಬೇಕು, ಹಾರಾಟಕ್ಕಿಂತ ರಸ್ತೆಗೇ ಹೆಚ್ಚು ಹೊತ್ತು. ಕುರುಗೋಡಿನವರಿಗೆ ಈ ದಾರಿ ಇಷ್ಟು ದೂರವಾಗದು. ಬಳ್ಳಾರಿಗೆ ಹತ್ತಿರದ ಚಾಗನೂರು–ಸಿರಿವಾರದಲ್ಲಿ ಹೊಸ ನಿಲ್ದಾಣ ಕಟ್ಟುವ ಯೋಜನೆ ಬಂದಾಗ, ನೀರಾವರಿ ಜಮೀನು ಕಳೆದುಕೊಳ್ಳಲಿದ್ದ ರೈತರು ಅದನ್ನು ವಿರೋಧಿಸಿದರು. ಪಟ್ಟಣದವರಿಗೆ ಉಳಿಯುವ ಅರ್ಧ ಗಂಟೆಗೆ ಬೆಲೆ ತೆರಬೇಕಾದವರು ಅವರು. 1932ರ ಲೆಕ್ಕದಲ್ಲಿ ಇದ್ದದ್ದು ಪೆಟ್ರೋಲು ಮತ್ತು ಬೆಳಕು. ಇಂದಿನ ಲೆಕ್ಕಕ್ಕೆ ಭೂಮಿಯೂ ಸೇರಿದೆ.