ಠಾಣೆಯ ಬಾಗಿಲ ಮೇಲಿನ ಸೂರ್ಯ

ಜಪಾನಿನ ಉರಯಾಸು ಊರಿನ ಪೊಲೀಸ್ ಠಾಣೆ ಚಿಬಾ ಪ್ರಾಂತ್ಯದ ಪೊಲೀಸರಿಗೆ ಸೇರಿದ್ದು. ಆದರೆ ದೇಶದ 47 ಪ್ರಾಂತ್ಯಗಳ ಪೊಲೀಸರಿಗೂ ಲಾಂಛನ ಒಂದೇ: ಹೊಂಬಣ್ಣದ ಉದಯಸೂರ್ಯ. ನಡುವೆ ದುಂಡು ಬಿಲ್ಲೆ, ಸುತ್ತಲೂ ಐದು ಮೂಲೆಗಳಾಗಿ ಚಾಚಿಕೊಂಡ ಕಿರಣಗಳು. ಠಾಣೆಯ ಬಾಗಿಲ ಮೇಲೆ, ‘ಕೋಬಾನ್’ ಎಂಬ ಬೀದಿ ಚೌಕಿಯ ಮುಂದೆ ಕಾಣುವುದು ಇದೇ. ಎಷ್ಟೋ ಜಪಾನೀಯರು ಇದನ್ನು ಐದೆಸಳಿನ ಸಕುರಾ ಹೂವೆಂದೇ ನಂಬಿದ್ದಾರೆ. ಅದರಿಂದ ಪೊಲೀಸರಿಗೇನೂ ನಷ್ಟವಾಗಿಲ್ಲ. ಲಾಂಛನದ ಬಗ್ಗೆ ಬರೆಯುವವರು ಸೂರ್ಯನೆಂದರೆ ಬೆಳಕು, ಬೆಳಕೆಂದರೆ ನ್ಯಾಯ ಎಂದು ಅರ್ಥ ಹೇಳಿ ಕೈತೊಳೆದುಕೊಳ್ಳುವುದುಂಟು. ನನ್ನ ಮಟ್ಟಿಗೆ ಅದು ಅರ್ಧ ಮಾತು. ಉಳಿದರ್ಧವನ್ನು, ಅದನ್ನು ತೊಟ್ಟವರ ನಡವಳಿಕೆ ಕಂಡ ಊರಿನವರು ತುಂಬುತ್ತಾರೆ.

ಇದಕ್ಕೆ ಪುರಾವೆ ಉರಯಾಸುವಿನ ಚರಿತ್ರೆಯಲ್ಲೇ ಇದೆ. ಇಂದು ಡಿಸ್ನಿಲ್ಯಾಂಡಿನಿಂದ ಹೆಸರಾದ ಈ ಊರು ಒಂದು ಕಾಲಕ್ಕೆ ಮೀನುಗಾರರ ನೆಲೆ. 1958ರಲ್ಲಿ ಎದೊ ನದಿಯ ದಂಡೆಯ ಕಾಗದ ಕಾರ್ಖಾನೆ ಬಿಟ್ಟ ಕಪ್ಪು ನೀರು ಮೀನು, ಚಿಪ್ಪುಗಳನ್ನು ಕೊಂದಿತು. ಜೂನ್ 10ರಂದು ಇಲ್ಲಿನ ಮೀನುಗಾರರು ಕಾರ್ಖಾನೆಗೆ ನುಗ್ಗಿದರು. ಗಲಭೆ ನಿಗ್ರಹ ಪೊಲೀಸರೊಂದಿಗೆ ಹೊಡೆದಾಟವಾಗಿ ಬಹಳ ಜನ ಗಾಯಗೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ನೀರಿನ ಮಾಲಿನ್ಯ ತಡೆಯುವ ಎರಡು ಕಾನೂನುಗಳು ಬಂದವು. ದೂರಿದ್ದವರ ಅಹವಾಲಿನಲ್ಲಿ ಹುರುಳಿತ್ತೆಂದು ಸಂಸತ್ತೇ ಒಪ್ಪಿದಂತಾಯಿತು. ಆ ದಿನ ಎದುರಿಗೆ ಕಂಡ ಸೂರ್ಯ ಮೀನುಗಾರನಿಗೆ ಕಾರ್ಖಾನೆಯ ಕಾವಲುಗಾರ. ದಾರಿ ತಪ್ಪಿ ಕೋಬಾನಿಗೆ ಬರುವ ಇಂದಿನ ಪ್ರವಾಸಿಗೆ ಅದೇ ಸೂರ್ಯ ವಿಳಾಸ ಹೇಳುವ ಆಸರೆ.

ಹಾಗಾದರೆ ಯಾವ ಗುರುತಾದರೂ ನಡೆಯುತ್ತಿತ್ತಲ್ಲ ಎಂದು ಕೇಳಬಹುದು. ನಡೆಯುತ್ತಿತ್ತು, ಆದರೆ ಪದೇ ಪದೇ ಬದಲಾದರೆ ನಡೆಯದು. ಅಪರಿಚಿತನೂ ಗುರುತು ಹಿಡಿಯಬೇಕಾದರೆ ಚಿಹ್ನೆ ನಿಲ್ಲಬೇಕು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಭಿನ್ನಮತೀಯರನ್ನು ಹಿಂಡಿದ ‘ತೊಕ್ಕೊ’ ವಿಶೇಷ ಪೊಲೀಸರ ಕಾಲದಲ್ಲೂ ಇದ್ದ ಸೂರ್ಯನನ್ನು ಯುದ್ಧಾನಂತರ ಉಳಿಸಿಕೊಂಡದ್ದು ಸರಿಯೇ? ತೊಕ್ಕೊ 1945ರಲ್ಲಿ ರದ್ದಾಯಿತು. 1947 ಮತ್ತು 1954ರ ಪೊಲೀಸ್ ಕಾಯ್ದೆಗಳು ಆಡಳಿತದ ಚೌಕಟ್ಟನ್ನೇ ಬದಲಿಸಿದವು. ಬಿಲ್ಲೆ ಮಾತ್ರ ಉಳಿಯಿತು. ಅದನ್ನು ಕರಗಿಸಿದ್ದರೆ ಹಳೆಯ ತಪ್ಪನ್ನು ಮುಚ್ಚಿಹಾಕುವುದು ಸುಲಭವಾಗುತ್ತಿತ್ತು ಎಂಬುದು ನನ್ನ ಅನಿಸಿಕೆ. ಸಂತ್ರಸ್ತರ ಮನೆಯವರು ಇದನ್ನು ಒಪ್ಪಲೇಬೇಕೆಂದೇನಿಲ್ಲ. ನಮ್ಮಲ್ಲೂ ಮೈಸೂರು ಅರಸರ ಗಂಡಭೇರುಂಡ ಪ್ರಜಾಪ್ರಭುತ್ವ ಬಂದ ಮೇಲೂ ರಾಜ್ಯದ ಲಾಂಛನವಾಗಿ ಮುಂದುವರಿದಿದೆ. 2025ರಲ್ಲಿ ನಮ್ಮ ರಾಜ್ಯದ ಕಾನ್‌ಸ್ಟೇಬಲ್‌ಗಳ ತಲೆಯಿಂದ ಇಳಿದದ್ದು ಬ್ರಿಟಿಷರ ಕಾಲದ ಸ್ಲೋಚ್ ಹ್ಯಾಟ್ ಮಾತ್ರ, ಆ ಲಾಂಛನವಲ್ಲ.